ಅವಳಿ ಕೂಸುಗಳ ತೂಕಭೇದ ಮತ್ತು ಕಿರಿದಾದ ಕೂಸಿನ ಆರೈಕೆ

ಕಳೆದ ಮಾಗಿಯ ಒಂದು ಮುಂಜಾನೆ ನಮ್ಮ ಚಿಕಿತ್ಸಾಲಯಕ್ಕೆ ಸಮೀಪದ ಹಳ್ಳಿಯಿಂದ ಒಬ್ಬ ಬಾಣಂತಿ ತನ್ನ ತಾಯಿಯೊಡನೆ ಬಂದಳು. ಚೊಚ್ಚಲ ಹೆರಿಗೆ, ಹನ್ನೆರಡು ದಿನಗಳ ಅವಳಿ ಕೂಸುಗಳು, ಒಂದು ಗಂಡು, ಒಂದು ಹೆಣ್ಣು. ಅವರು ಬಂದದ್ದು ಬಾಣಂತಿಯ ಸೊಂಟನೋವಿಗೆ ಔಷಧ ಕೇಳುವುದಕ್ಕೆ, ಕೂಸುಗಳಿಗಾಗಿ ಅಲ್ಲ. ಗಂಡುಕೂಸು ಅಜ್ಜಿಯ ತೊಡೆಯ ಮೇಲೆ ಕುಲಾವಿ ಕಟ್ಟಿಸಿಕೊಂಡು, ಮೈ ಕೆಂಪಗೆ ಮಾಡಿಕೊಂಡು ಗಟ್ಟಿಯಾಗಿ ಅಳುತ್ತಿತ್ತು. ಹೆಣ್ಣುಕೂಸು ಬಾಣಂತಿಯ ಪಕ್ಕದಲ್ಲಿ ಒಂದು ಹಳೆಯ ಕೌದಿಯ ಸುತ್ತಿನೊಳಗೆ ಇತ್ತು; ಅಳುತ್ತಿರಲಿಲ್ಲ. ಅಳದೆ ಇರುವ ಕೂಸನ್ನು ಮನೆಯವರು ಸಾಧು ಕೂಸು ಎನ್ನುತ್ತಾರೆ. ವೈದ್ಯರಾದವರು ಆ ಮಾತನ್ನು ಕೇಳಿದ ಕೂಡಲೇ ಕೂಸಿನ ಪಾದಗಳನ್ನು ಮುಟ್ಟಿ ನೋಡಬೇಕು. ನಾವು ಮುಟ್ಟಿ ನೋಡಿದೆವು. ಪಾದಗಳು ತಣ್ಣಗಿದ್ದವು.

ತಾಯಿ ಕಾರ್ಡಿನಲ್ಲಿ ಹುಟ್ಟಿದಾಗಿನ ತೂಕ ಬರೆದಿತ್ತು. ಗಂಡು 2,400 ಗ್ರಾಂ, ಹೆಣ್ಣು 1,700 ಗ್ರಾಂ. ಆ ದಿನ ತಕ್ಕಡಿಯಲ್ಲಿ ಇಟ್ಟಾಗ ಗಂಡು 2,520, ಹೆಣ್ಣು 1,560. ಬಾಣಂತಿಗೆ ಹಾಲು ಬೇಕಾದಷ್ಟಿತ್ತು. ಆದರೂ ಹೆಣ್ಣುಕೂಸಿಗೆ ಆಕಳ ಹಾಲಿಗೆ ಅರ್ಧದಷ್ಟು ನೀರು ಬೆರೆಸಿ ಅರಳೆಯ ಬತ್ತಿಯಲ್ಲಿ ಅದ್ದಿ ಹಿಂಡುತ್ತಿದ್ದರು. ಏಕೆ ಎಂದು ಕೇಳಿದಾಗ ಅಜ್ಜಿ ಯಾವ ಸಂಕೋಚವೂ ಇಲ್ಲದೆ ಹೇಳಿದಳು: “ಸಾಹೇಬ್ರ, ಹೊಟ್ಟ್ಯಾಗ ಇದ್ದಾಗನ ದೊಡ್ಡದು ಸಣ್ಣದರ ಪಾಲೂ ತಿಂದೈತ್ರಿ. ಇದು ಉಳಿಯೂದು ನಮಗ ಸಂಶೇ. ಇರೂ ಹಾಲು ಒಂದಕ್ಕರ ನೆಟ್ಟಗ ಸಾಲಲಿ ಅಂತ...”

ಆ ಅಜ್ಜಿ ಕ್ರೂರಳಲ್ಲ. ಮಗಳ ಬಾಣಂತನವನ್ನು ಹಗಲಿರುಳೂ ಮಾಡುತ್ತಿದ್ದವಳು ಅವಳೇ. ಬಡತನದಲ್ಲಿ ಬದುಕಿದವರು ಮಾಡುವ ಒಂದು ಲೆಕ್ಕವನ್ನು ಅವಳು ಮಾಡಿದ್ದಳು. ಲೆಕ್ಕ ತಪ್ಪಾಗಿತ್ತು; ಅದು ಎಲ್ಲಿ ತಪ್ಪಿತು ಎಂಬುದನ್ನು ಓದುಗ ಬಾಂಧವರಿಗೆ ತಿಳಿಸುವುದಕ್ಕಾಗಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಅವಳಿಗಳಲ್ಲಿ ಒಂದು ಹಿರಿದಾಗಿ ಇನ್ನೊಂದು ಕಿರಿದಾಗುವುದೇಕೆಂಬ ಪ್ರಶ್ನೆ ಹೊಸದಲ್ಲ. ಚರಕಸಂಹಿತೆಯ ಶಾರೀರಸ್ಥಾನದ ಎರಡನೆಯ ಅಧ್ಯಾಯ, ಅತುಲ್ಯಗೋತ್ರೀಯ ಎಂಬುದರಲ್ಲಿ ಶಿಷ್ಯನು ಗುರುವಿನ ಮುಂದಿಡುವ ಪ್ರಶ್ನೆಗಳ ಸಾಲಿನಲ್ಲಿ ಇದೂ ಒಂದಾಗಿದೆ. ಆತ್ರೇಯರು ಕೊಟ್ಟ ಉತ್ತರದ ಭಾವವಿಷ್ಟು: ವಾಯುವು ಶುಕ್ರ-ಶೋಣಿತಗಳನ್ನು ವಿಭಾಗಿಸುವಾಗ ಅಂಶಗಳು ಸಮನಾಗಿ ಒಡೆಯದಿದ್ದರೆ ಒಂದು ಗರ್ಭ ಅಧಿಕವಾಗಿಯೂ ಮತ್ತೊಂದು ನ್ಯೂನವಾಗಿಯೂ ಬೆಳೆಯುತ್ತದೆ, ಇದಕ್ಕೆ ಕರ್ಮವೂ ಕಾರಣ. ಸುಶ್ರುತರೂ ಒಳಗಿನ ವಾಯುವು ಬೀಜವನ್ನು ಎರಡಾಗಿ ಒಡೆಯುವುದನ್ನೇ ಅವಳಿಗೆ ಕಾರಣವೆಂದರು. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಒಂದೇ ಬೀಜ ಒಡೆದು ಎರಡಾಗುವುದನ್ನು ಊಹಿಸಿದ್ದು ಸಾಮಾನ್ಯ ಸಂಗತಿಯಲ್ಲ. ಆದರೆ ಗಂಡು-ಹೆಣ್ಣು ಅವಳಿಗೂ ಅವರು ಇದೇ ಒಡೆಯುವಿಕೆಯನ್ನು ಕಾರಣವಾಗಿ ಹೇಳಿದರು. ಅದು ಇಂದಿನ ತಿಳಿವಳಿಕೆಗೆ ಹೊಂದುವುದಿಲ್ಲ. ಗಂಡು-ಹೆಣ್ಣು ಅವಳಿಗಳು ಎರಡು ಬೇರೆ ಬೇರೆ ಅಂಡಗಳಿಂದ ಆದವು ಎಂಬುದು ಈಗ ನಿಶ್ಚಿತವಾಗಿದೆ. ಶಾಸ್ತ್ರವನ್ನು ಗೌರವಿಸುವವರು ಇದನ್ನು ಒಪ್ಪಲು ಹಿಂಜರಿಯಬೇಕಿಲ್ಲ.

ಕರ್ಮದ ಮಾತನ್ನು ಹಿಡಿದುಕೊಂಡು, ‘ಹಣೆಯಲ್ಲಿ ಬರೆದದ್ದು’ ಎಂದು ಕೈಕಟ್ಟಿ ಕೂರುವವರೂ ಇದ್ದಾರೆ. ಅಂಥವರು ಅದೇ ಶಾರೀರಸ್ಥಾನದ ಎಂಟನೆಯ ಅಧ್ಯಾಯದವರೆಗೆ ಓದಬೇಕು. ಹೊಟ್ಟೆಯಲ್ಲಿ ಬೆಳೆಯದೆ ಒಣಗುವ ಗರ್ಭವನ್ನು ಆಚಾರ್ಯರು ಅಲ್ಲಿ ನಾಗೋದರ ಎಂದು ಕರೆದು, ಅದರ ಕಾರಣವನ್ನೂ, ಹಾಲು-ತುಪ್ಪ-ಮಧುರ ದ್ರವ್ಯಗಳಿಂದ ಅದನ್ನು ಪುಷ್ಟಿಗೊಳಿಸುವ ಕ್ರಮವನ್ನೂ ವಿವರವಾಗಿ ಹೇಳಿದ್ದಾರೆ. ಕರ್ಮವೆಂದು ಬಿಟ್ಟುಬಿಡುವುದಾಗಿದ್ದರೆ ಚಿಕಿತ್ಸೆ ಬರೆಯುವ ಶ್ರಮವೇಕೆ ಬೇಕಿತ್ತು?

ಈಗ ‘ಪಾಲು ತಿಂದ’ ಮಾತಿಗೆ ಬರೋಣ. ಗರ್ಭದಲ್ಲಿ ಕೂಸು ಉಣ್ಣುವುದು ಮಾಸಿನ ಮೂಲಕ. ನಮ್ಮ ಗ್ರಂಥಗಳು ಇದನ್ನು ಅಪರಾ ಎನ್ನುತ್ತವೆ. ಎರಡು ಅಂಡಗಳಿಂದಾದ ಅವಳಿಗಳಿಗೆ ಎರಡು ಮಾಸುಗಳಿರುತ್ತವೆ. ಅಂದರೆ ಇಬ್ಬರು ಒಂದೇ ಪಂಕ್ತಿಯಲ್ಲಿ ಕುಳಿತರೂ ಇಬ್ಬರ ಮುಂದೆ ಬೇರೆ ಬೇರೆ ಗಂಗಾಳಗಳು. ಒಬ್ಬನು ಇನ್ನೊಬ್ಬನ ಗಂಗಾಳಕ್ಕೆ ಕೈ ಹಾಕಲಾರ. ಆ ಅಜ್ಜಿಯ ಮೊಮ್ಮಕ್ಕಳು ಗಂಡು-ಹೆಣ್ಣು ಅವಳಿಗಳಾದ್ದರಿಂದ ಇದೇ ವರ್ಗಕ್ಕೆ ಸೇರಿದವರು. ಹಾಗಾದರೆ ಹೆಣ್ಣುಕೂಸು ಸೊರಗಿದ್ದೇಕೆ? ಒಂದು ಮಾಸು ಗರ್ಭಕೋಶದಲ್ಲಿ ರಕ್ತಸಂಚಾರ ಚೆನ್ನಾಗಿರುವ ಜಾಗದಲ್ಲಿ ಕೂತು, ಇನ್ನೊಂದು ಅಷ್ಟು ಅನುಕೂಲವಿಲ್ಲದ ಜಾಗದಲ್ಲಿ ಕೂತಿರಬಹುದು. ಒಂದರ ಹೊಕ್ಕುಳಬಳ್ಳಿ ಮಾಸಿನ ನಡುವಿಗೆ ಸೇರದೆ ಅಂಚಿಗೆ ಅಥವಾ ಬರಿಯ ಪೊರೆಗೆ ಸೇರಿರಬಹುದು. ತಾಯಿಗೆ ರಕ್ತದೊತ್ತಡ ಏರಿ ಒಂದು ಮಾಸಿನ ರಕ್ತನಾಳಗಳು ಹೆಚ್ಚು ಕೆಟ್ಟಿರಬಹುದು. ಕೆಲವೊಮ್ಮೆ ಯಾವ ದೋಷವೂ ಇರುವುದಿಲ್ಲ. ಬೇರೆ ಬೇರೆ ವರ್ಷ ಹುಟ್ಟಿದ ಅಣ್ಣ-ತಂಗಿಯರ ಮೈಕಟ್ಟು ಬೇರೆಯಾಗಿರುವಂತೆ ಇವರದೂ ಬೇರೆಯಾಗಿರುತ್ತದೆ, ಅಷ್ಟೆ.

ಒಂದೇ ಅಂಡ ಒಡೆದು ಆದ ಅವಳಿಗಳ ಸ್ಥಿತಿ ಬೇರೆ. ಫಲಿತವಾದ ಮೊದಲ ಮೂರು ದಿನಗಳೊಳಗೆ ಒಡೆದರೆ ಇವರಿಗೂ ಎರಡು ಮಾಸು ಸಿಕ್ಕುತ್ತದೆ. ಅನಂತರ ಒಡೆದರೆ ಒಂದೇ ಮಾಸನ್ನು ಇಬ್ಬರೂ ಹಂಚಿಕೊಳ್ಳಬೇಕು. ಒಂದೇ ಗಂಗಾಳದಲ್ಲಿ ಇಬ್ಬರ ಊಟ. ಏಕರೂಪಿ ಅವಳಿಗಳಲ್ಲಿ ಹೆಚ್ಚಿನವರು ಹೀಗೆ ಹಂಚಿಕೊಂಡವರೇ. ಇಲ್ಲಿ ಪಾಲು ಸಮನಾಗಿರಬೇಕೆಂಬ ನಿಯಮವಿಲ್ಲ. ಅಷ್ಟೇ ಅಲ್ಲ, ಮಾಸಿನೊಳಗೆ ಇಬ್ಬರ ರಕ್ತನಾಳಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ನೂರು ಇಂಥ ಬಸಿರುಗಳಲ್ಲಿ ಹತ್ತರಿಂದ ಹದಿನೈದರಲ್ಲಿ ಒಂದು ಕೂಸಿನ ರಕ್ತ ಇನ್ನೊಂದರ ಕಡೆಗೆ ಒಂದೇ ಸಮನೆ ಹರಿಯತೊಡಗುತ್ತದೆ. ಕೊಡುವ ಕೂಸು ಬಡಕಲಾಗುತ್ತದೆ, ಅದರ ಸುತ್ತಲಿನ ಗರ್ಭಜಲ ಬತ್ತುತ್ತದೆ. ಪಡೆಯುವ ಕೂಸಿನ ಸುತ್ತ ಗರ್ಭಜಲ ಉಕ್ಕುತ್ತದೆ.

ಇಲ್ಲಿ ಓದುಗರು ಸ್ವಲ್ಪ ನಿಲ್ಲಬೇಕು. ‘ದೊಡ್ಡದು ತಿಂದಿತು, ಆದ್ದರಿಂದ ದೊಡ್ಡದು ಗಟ್ಟಿ’ ಎಂದು ಇಲ್ಲಿಯೂ ಹೇಳುವಂತಿಲ್ಲ. ಬೇಡದಷ್ಟು ರಕ್ತವನ್ನು ಪಡೆದ ಆ ಹಿರಿಯ ಕೂಸಿನ ಹೃದಯ ಅದನ್ನು ಒತ್ತಿ ಒತ್ತಿ ಸೋಲುತ್ತದೆ. ರಕ್ತ ಗಟ್ಟಿಯಾಗಿ, ಹುಟ್ಟಿದ ಮೇಲೆ ಉಸಿರಾಟದ ತೊಂದರೆ, ಕಾಮಾಲೆ, ಸೆಳೆತಗಳೂ ಬರಬಹುದು. ಚಿಕಿತ್ಸೆಯಿಲ್ಲದೆ ಬಿಟ್ಟರೆ ಇಬ್ಬರಿಗೂ ಅಪಾಯ. ಈಗ ಬೆಂಗಳೂರಿನಂಥ ನಗರಗಳಲ್ಲಿ ಗರ್ಭಕೋಶದೊಳಗೆ ದುರ್ಬೀನು ಇಳಿಸಿ, ಕೂಡಿಕೊಂಡ ರಕ್ತನಾಳಗಳನ್ನು ಲೇಸರ್‌ನಿಂದ ಮುಚ್ಚುವ ತಜ್ಞರಿದ್ದಾರೆ. ಅವರ ಬಳಿಗೆ ಸಕಾಲದಲ್ಲಿ ಹೋಗಬೇಕಾದರೆ ಮಾಸು ಒಂದೋ ಎರಡೋ ಎಂಬುದು ಮೊದಲು ತಿಳಿದಿರಬೇಕು. ಅದನ್ನು ಖಚಿತವಾಗಿ ಹೇಳಬಹುದಾದ ಕಾಲ ಬಸಿರಿನ 11ರಿಂದ 14ನೆಯ ವಾರ. ಅನಂತರದ ಸ್ಕ್ಯಾನ್‌ನಲ್ಲಿ ಇದು ಮಸುಕಾಗುತ್ತ ಹೋಗುತ್ತದೆ. ‘ಐದು ತಿಂಗಳಾದ ಮೇಲೆ ಒಂದೇ ಸಲ ತೋರಿಸಿದರಾಯಿತು’ ಎನ್ನುವ ಮನೆಗಳಿಗೆ ನಾವು ಈ ಮಾತನ್ನು ಒತ್ತಿ ಹೇಳುತ್ತೇವೆ. ಮಾಸು ಒಂದೇ ಆಗಿದ್ದರೆ 16ನೆಯ ವಾರದಿಂದ ಎರಡು ವಾರಕ್ಕೊಮ್ಮೆ, ಎರಡಾಗಿದ್ದರೆ ನಾಲ್ಕು ವಾರಕ್ಕೊಮ್ಮೆ ಸ್ಕ್ಯಾನ್ ಮಾಡಿಸುವುದು ಇಂದಿನ ರೂಢಿ. ಖರ್ಚಿನ ಮಾತು ನಮಗೆ ಗೊತ್ತಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯ ಪರೀಕ್ಷೆಗೆ ಹಣ ಕೊಡಬೇಕಿಲ್ಲ.

ತೂಕದ ಅಂತರವನ್ನು ಅಳೆಯುವ ಕ್ರಮ ಸರಳವಾಗಿದೆ. ಹಿರಿಯ ಕೂಸಿನ ತೂಕದಿಂದ ಕಿರಿಯ ಕೂಸಿನ ತೂಕವನ್ನು ಕಳೆದು, ಉಳಿದದ್ದನ್ನು ಹಿರಿಯ ಕೂಸಿನ ತೂಕದಿಂದಲೇ ಭಾಗಿಸಿ ನೂರರಿಂದ ಗುಣಿಸಬೇಕು. ನಮ್ಮ ಚಿಕಿತ್ಸಾಲಯಕ್ಕೆ ಬಂದ ಕೂಸುಗಳದು 2,400ಕ್ಕೆ 700ರ ಅಂತರ, ಅಂದರೆ ಶೇಕಡಾ 29. ಶೇಕಡಾ 10-15ರ ಅಂತರ ಅವಳಿಗಳಲ್ಲಿ ಸಾಮಾನ್ಯ. ಶೇಕಡಾ 20 ದಾಟಿದರೆ ಗಮನವಿಡಬೇಕು. 25 ದಾಟಿದರೆ ಕಿರಿಯ ಕೂಸು ಗರ್ಭದಲ್ಲಿಯೇ ಹಸಿದಿದೆಯೆಂದು ತಿಳಿದು ನಡೆಯಬೇಕು. ಆದರೆ ಬರಿಯ ಶೇಕಡಾವಾರನ್ನು ನೋಡಿ ಹೆದರುವುದೂ, ನೋಡಿ ನಿಶ್ಚಿಂತರಾಗುವುದೂ ಎರಡೂ ತಪ್ಪು. ಒಂದು ಮನೆಯಲ್ಲಿ 3 ಕಿಲೋ ಮತ್ತು 2.3 ಕಿಲೋ ಕೂಸುಗಳು ತಿಂಗಳು ತುಂಬಿ ಹುಟ್ಟುತ್ತವೆ ಎನ್ನೋಣ. ಅಂತರ ಶೇಕಡಾ 23. ಆದರೂ ಕಿರಿಯದು ತಾನೇ ಮೊಲೆ ಹಿಡಿದು ಕುಡಿಯುತ್ತದೆ. ಇನ್ನೊಂದು ಮನೆಯಲ್ಲಿ 1.5 ಕಿಲೋ ಮತ್ತು 1.4 ಕಿಲೋ, ಅಂತರ ಶೇಕಡಾ 7ಕ್ಕಿಂತ ಕಡಿಮೆ. ಅಲ್ಲಿ ಎರಡು ಕೂಸುಗಳೂ ಆಸ್ಪತ್ರೆಯಲ್ಲಿರಬೇಕಾದವು. ಎಷ್ಟು ವಾರಕ್ಕೆ ಹುಟ್ಟಿದೆ, ತಾನಾಗಿ ಎಷ್ಟು ತೂಗುತ್ತದೆ ಎಂಬುದೇ ಮುಖ್ಯ. ಜೊತೆಯದಕ್ಕಿಂತ ಎಷ್ಟು ಕಡಿಮೆ ಎಂಬುದು ಅದರ ನಂತರದ ಮಾತು. ಎರಡೂವರೆ ಕಿಲೋಗಿಂತ ಕಡಿಮೆಯಿದ್ದರೆ ಕಡಿಮೆ ತೂಕದ ಕೂಸು, ಒಂದೂವರೆಗಿಂತ ಕಡಿಮೆಯಿದ್ದರೆ ಅತಿ ಕಡಿಮೆ ತೂಕದ ಕೂಸು ಎಂಬ ವಿಂಗಡಣೆ ಅವಳಿಗಳಿಗೂ ಅನ್ವಯಿಸುತ್ತದೆ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೂಸುಗಳು 37 ವಾರ ತುಂಬುವ ಮುನ್ನವೇ ಹುಟ್ಟುತ್ತವೆ. ಅವಧಿಗೆ ಮುನ್ನ ಹೆರಿಗೆಯಾಗುವ ಸೂಚನೆಯಿದ್ದಾಗ ಕೂಸಿನ ಪುಪ್ಪುಸ ಬಲಿಯಲೆಂದು ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ಆ ಹೆಸರನ್ನು ಕೇಳಿಯೇ ಬೇಡವೆನ್ನುವ ಮನೆಯವರನ್ನು ನಾವು ಕಂಡಿದ್ದೇವೆ. ಬೇಡವೆನ್ನಬಾರದು.

ನಾಗೋದರಕ್ಕೆ ಚರಕಾಚಾರ್ಯರು ಹೇಳಿದ ಕಾರಣಗಳಲ್ಲಿ ಉಪವಾಸ-ವ್ರತಗಳು, ರೂಕ್ಷವಾದ ಅಲ್ಪಾಹಾರ, ಜಿಡ್ಡಿನ ಪದಾರ್ಥಗಳ ಮೇಲಿನ ದ್ವೇಷ ಇವೆಲ್ಲ ಬರುತ್ತವೆ. ನಮ್ಮ ಮನೆಗಳಲ್ಲಿ ಬಸುರಿಯರು ಶ್ರಾವಣ ಸೋಮವಾರ, ಶಿವರಾತ್ರಿಗಳಂದು ನಿರಾಹಾರ ಇರುವುದುಂಟು. ಅವಳಿ ಹೊತ್ತವಳು ಅದನ್ನು ಮಾಡಕೂಡದು. ಪೂಜೆ ಮುಗಿಸಿ ಪ್ರಸಾದ ಸ್ವೀಕರಿಸಿ ಹೊಟ್ಟೆ ತುಂಬ ಉಣ್ಣಲಿ. ಒಮ್ಮೆಗೆ ಹೆಚ್ಚು ಉಣ್ಣಲಾಗದಿದ್ದರೆ ಎರಡೆರಡು ತಾಸಿಗೆ ಸ್ವಲ್ಪ ಸ್ವಲ್ಪ ಉಣ್ಣಲಿ. ರೊಟ್ಟಿ, ಹೆಸರುಬೇಳೆ, ಮೊಳಕೆಕಾಳಿನ ಪಲ್ಯ, ಸೊಪ್ಪು, ಶೇಂಗಾ, ಹಾಲು, ಮೊಸರು, ಒಂದಿಷ್ಟು ತುಪ್ಪ. ‘ಹೆಚ್ಚು ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ’ ಎಂಬ ಹೆದರಿಕೆ ಅವಳಿ ಬಸಿರಿಗೆ ಎಂದೂ ಹೊಂದುವುದಿಲ್ಲ. ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆಯನ್ನು ಲಿಂಬೆರಸದ ಜೊತೆ, ಸುಣ್ಣಾಂಶದ ಗುಳಿಗೆಯನ್ನು ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು. ಎರಡನ್ನೂ ಕೂಡಿಸಿ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಚಹದ ಜೊತೆ ನುಂಗಿದರೂ ಅಷ್ಟೇ. ನಮ್ಮಲ್ಲಿ ಬಂದವರು ‘ಗುಳಿಗಿ ಉಷ್ಣ ಆಕ್ಕಾವು, ನಿಮ್ಮ ಆಯುರ್ವೇದದ್ದ ಏನಾರ ಕೊಡ್ರಿ’ ಎನ್ನುತ್ತಾರೆ. ಅವಳಿ ಹೊತ್ತವಳಿಗೆ ನಾವು ಆ ಗುಳಿಗೆಯನ್ನು ಬಿಡಿಸುವುದಿಲ್ಲ.

ಹೆರಿಗೆಯಾದ ಮೇಲೆ ಕಿರಿಯ ಕೂಸಿಗೆ ಒದಗುವ ಮೊದಲ ಶತ್ರು ಚಳಿ. ದೊಡ್ಡ ಕೂಸಿನ ಚರ್ಮದಡಿಯಲ್ಲಿ ಕೊಬ್ಬಿನ ಪದರವಿರುತ್ತದೆ. ಹಸಿದು ಹುಟ್ಟಿದ ಕೂಸಿಗೆ ಅದಿಲ್ಲ. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯೂ ಇಲ್ಲ. ಮೈ ತಣ್ಣಗಾದಂತೆ ಇರುವ ಅಲ್ಪ ಸಕ್ಕರೆಯನ್ನು ಕಾವಿಗಾಗಿ ಸುಡುತ್ತದೆ. ಸಕ್ಕರೆ ಇಳಿದಂತೆ ನಿತ್ರಾಣವಾಗಿ ಕುಡಿಯುವುದನ್ನು ಬಿಡುತ್ತದೆ. ಕುಡಿಯದಿದ್ದರೆ ಮೈ ಇನ್ನೂ ತಣ್ಣಗಾಗುತ್ತದೆ. ಈ ಸುಳಿಯಲ್ಲಿ ಸಿಕ್ಕ ಕೂಸು ಅಳುವುದಿಲ್ಲ, ಸುಮ್ಮನೆ ಮಲಗಿರುತ್ತದೆ. ‘ಸಾಧು ಕೂಸು’ ಎಂದೆವಲ್ಲ, ಅದು ಇದೇ.

ಇದಕ್ಕೆ ಔಷಧ ತಾಯಿಯ ಎದೆ. 1978ರ ಹೊತ್ತಿಗೆ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ ಕಾವುಪೆಟ್ಟಿಗೆಗಳು ಸಾಲದೆ ಒಂದೊಂದರಲ್ಲಿ ಹಲವು ಕೂಸುಗಳನ್ನು ಮಲಗಿಸುತ್ತಿದ್ದಾಗ, ಎಡ್ಗರ್ ರೇ ಎಂಬ ವೈದ್ಯರು ಕೂಸನ್ನು ತಾಯಿಯ ಬರಿಯ ಎದೆಗೆ ಅಂಟಿಸಿ ಕಟ್ಟುವ ಕ್ರಮವನ್ನು ಆರಂಭಿಸಿದರು. ಕಾಂಗರೂ ಆರೈಕೆ ಎಂದು ಅದಕ್ಕೆ ಹೆಸರಾಯಿತು. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ 1 ಕಿಲೋದಿಂದ 1.8 ಕಿಲೋದೊಳಗಿನ ಕೂಸುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹುಟ್ಟಿದ ಕೂಡಲೇ ಈ ಆರೈಕೆ ಸಿಕ್ಕ ಕೂಸುಗಳಲ್ಲಿ ಮೊದಲ 28 ದಿನಗಳ ಸಾವು ನೂರಕ್ಕೆ 12. ಸ್ಥಿರಗೊಂಡ ಮೇಲಷ್ಟೇ ಸಿಕ್ಕವುಗಳಲ್ಲಿ 15.7. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 8ರಿಂದ 24 ತಾಸು ಇದನ್ನು ಮಾಡಬೇಕೆಂದು ಹೇಳಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಸರ್ಕಾರಿ ಆಸ್ಪತ್ರೆಗಳ ಮೂಲಕ ಇದನ್ನು ಮನೆಮನೆಗೆ ಒಯ್ಯುವ ಪ್ರಯತ್ನ ನಡೆದು ಫಲ ಕೊಟ್ಟಿದೆ.

ಮಾಡುವ ಬಗೆ ಕಠಿಣವಲ್ಲ. ಕೂಸಿಗೆ ಟೋಪಿ, ಕಾಲುಚೀಲ, ಲಂಗೋಟಿ ಬಿಟ್ಟು ಬೇರೆ ಬಟ್ಟೆ ಬೇಡ. ತಾಯಿ ಸ್ವಲ್ಪ ಹಿಂದಕ್ಕೆ ಒರಗಿ ಕೂರಬೇಕು. ಕೂಸನ್ನು ಎರಡು ಮೊಲೆಗಳ ನಡುವೆ ನೆಟ್ಟಗೆ, ಕಪ್ಪೆಯಂತೆ ಕಾಲು ಮಡಚಿ ಅಂಟಿಸಬೇಕು. ಮೂಗು ಮುಚ್ಚದಂತೆ ಮುಖವನ್ನು ಒಂದು ಬದಿಗೆ ತಿರುಗಿಸಬೇಕು. ಮೇಲೆ ಮೆತ್ತನೆಯ ಸೀರೆಯಿಂದ ಸುತ್ತಿ ಕಟ್ಟಿದರೆ ಆಯಿತು. ಅವಳಿಗಳನ್ನು ಎರಡನ್ನೂ ಒಟ್ಟಿಗೆ ಕಟ್ಟಿಕೊಳ್ಳಬಹುದು. ತಾಯಿ ದಣಿದಾಗ ತಂದೆಯೋ ಅಜ್ಜಿಯೋ ಒಂದನ್ನು ತಮ್ಮ ಎದೆಗೆ ಹಾಕಿಕೊಳ್ಳಬಹುದು. ಗಂಡಸರು ಇದಕ್ಕೆ ನಾಚುತ್ತಾರೆ. ಕೂಸಿಗೆ ಬೇಕಾದದ್ದು ಕಾವು. ಅದು ಯಾರ ಎದೆಯದೆಂದು ಕೂಸು ಕೇಳುವುದಿಲ್ಲ.

ಹಾಲಿನ ವಿಷಯದಲ್ಲಿ ಮನೆಯವರ ಮೊದಲ ಸಂದೇಹ, ಒಬ್ಬ ತಾಯಿಯ ಹಾಲು ಇಬ್ಬರಿಗೆ ಸಾಲುವುದೇ ಎಂಬುದು. ಸಾಲುತ್ತದೆ. ಹಾಲು ಹಗೇವಿನಲ್ಲಿ ತುಂಬಿಟ್ಟ ಕಾಳಲ್ಲ, ತೆಗೆದಷ್ಟು ಖಾಲಿಯಾಗುವುದಕ್ಕೆ. ಒರತೆಯ ಬಾವಿಯಂತೆ ಸೇದಿದಷ್ಟೂ ಊರುತ್ತದೆ. ಇಬ್ಬರು ಕುಡಿದರೆ ಇಬ್ಬರಿಗಾಗುವಷ್ಟು ಬರುತ್ತದೆ. ಕಿರಿಯ ಕೂಸಿಗೆ ಮೊಲೆ ಚೀಪುವ ಶಕ್ತಿಯಿಲ್ಲದಿದ್ದರೆ ಹಾಲನ್ನು ಶುಚಿಯಾದ ಬಟ್ಟಲಿಗೆ ಹಿಂಡಿ ಒಳಲೆಯಿಂದ ಎರಡು ತಾಸಿಗೊಮ್ಮೆ, ರಾತ್ರಿಯೂ ಬಿಡದೆ ಕುಡಿಸಬೇಕು. ಎಷ್ಟು ಕುಡಿಸಬೇಕೆಂಬ ಲೆಕ್ಕವನ್ನು ಆಸ್ಪತ್ರೆಯವರು ತೂಕ ನೋಡಿ ಹೇಳುತ್ತಾರೆ. ನಮ್ಮ ಹಳೆಯ ಒಳಲೆ ಬಾಟಲಿಗಿಂತ ಎಷ್ಟೋ ಮೇಲು. ಕುದಿಸಿ ಶುಚಿ ಮಾಡುವುದೂ ಸುಲಭ. ಮೊದಲ ದಿನಗಳ ಹಳದಿ ಗಿಣ್ಣುಹಾಲನ್ನು ಹಿಂಡಿ ಚೆಲ್ಲುವುದಂತೂ ಕೂಸಿನ ಮೊದಲ ಲಸಿಕೆಯನ್ನು ಚೆಲ್ಲಿದಂತೆ. ಮೊದಲು ಕಿರಿಯದಕ್ಕೆ ಕುಡಿಸಿ, ಅನಂತರ ಹಿರಿಯದನ್ನು ಹಚ್ಚುವುದು ಲೇಸು. ಹಿರಿಯದು ಅಳುತ್ತದೆ ನಿಜ; ಅಳುವ ಶಕ್ತಿ ಅದಕ್ಕಿದೆ.

ಇನ್ನು ನಮ್ಮ ಶಾಸ್ತ್ರದ ಹೆಸರಿನಲ್ಲಿಯೇ ನಡೆಯುವ ಕೆಲವು ಸಂಗತಿಗಳ ಬಗ್ಗೆ ಹೇಳಬೇಕು. ಜಾತಕರ್ಮದಲ್ಲಿ ಜೇನು-ತುಪ್ಪ ನೆಕ್ಕಿಸುವುದನ್ನು ಚರಕರು ಹೇಳಿರುವುದು ಸತ್ಯ. ಆದರೆ ಜೇನಿನಲ್ಲಿ ಅಡಗಿರಬಹುದಾದ ಒಂದು ಬಗೆಯ ಸೂಕ್ಷ್ಮಾಣುವಿನಿಂದ ಒಂದು ವರ್ಷದೊಳಗಿನ ಕೂಸಿನ ಸ್ನಾಯುಗಳೆಲ್ಲ ಸೋತು ಉಸಿರೇ ನಿಲ್ಲಬಹುದೆಂಬುದು ಈಗ ತಿಳಿದಿದೆ. ಆದ್ದರಿಂದ ನಾವು ಯಾವ ಕೂಸಿಗೂ, ಕಡಿಮೆ ತೂಕದ ಕೂಸಿಗಂತೂ ಖಂಡಿತವಾಗಿ, ಜೇನು ಹೇಳುವುದಿಲ್ಲ. ಲೋಬಾನದ ಹೊಗೆಯ ವಿಷಯ ಬೇರೆ. ಸಂಹಿತೆಯಲ್ಲಿ ಧೂಪವನ್ನು ಹೇಳಿರುವುದು ಕೂಸಿನ ಬಟ್ಟೆ, ಹಾಸಿಗೆ, ಹೊದಿಕೆಗಳಿಗೆ. ಕೂಸನ್ನೇ ಹೊಗೆಯ ಮೇಲೆ ಹಿಡಿಯುವುದು ಶಾಸ್ತ್ರವಲ್ಲ. ಬಲಿಯದ ಪುಪ್ಪುಸಗಳಿಗೆ ಅದು ಬೆಂಕಿ. ಬಿಸಿನೀರೆರೆದು ಕೈಕಾಲು ಜಗ್ಗಿ ತಿಕ್ಕುವುದನ್ನು ಕೂಸು ಎರಡೂವರೆ ಕಿಲೋ ಆಗುವವರೆಗೆ ತಡೆಯಬೇಕು; ಅಲ್ಲಿಯವರೆಗೆ ಉಗುರುಬೆಚ್ಚಗಿನ ಬಟ್ಟೆಯಿಂದ ಒರೆಸಿ, ವೈದ್ಯರು ಒಪ್ಪಿದರೆ ಕೊಬ್ಬರಿ ಎಣ್ಣೆಯನ್ನು ಹಗುರಾಗಿ ಸವರಿದರೆ ಸಾಕು. ಹೊಟ್ಟೆಗೆ ಬರೆ ಹಾಕುವ ದುಷ್ಟ ಪದ್ಧತಿ ಇನ್ನೂ ಅಲ್ಲಲ್ಲಿ ಉಳಿದಿದೆ. ಅದರ ಬಗ್ಗೆ ಎರಡನೆಯ ಮಾತೇ ಇಲ್ಲ.

ಲಿಂಗಧಾರಣೆಯ ಬಗ್ಗೆಯೂ ಭಕ್ತರು ಕೇಳುತ್ತಾರೆ. ಇದು ಗುರುಗಳಿಗೆ ಬಿಟ್ಟ ವಿಷಯ. ವೈದ್ಯರಾಗಿ ನಾವು ಹೇಳಬಹುದಾದದ್ದು ಇಷ್ಟೇ: ಅಷ್ಟು ಸಣ್ಣ ಕೂಸಿನ ಕೊರಳಿಗೆ ದಾರ ಬೇಡ, ಆಸ್ಪತ್ರೆಯಿಂದ ಕೂಸನ್ನು ಅದಕ್ಕಾಗಿ ಬಿಡಿಸಿಕೊಂಡು ಬರುವುದು ಬೇಡ, ಬಾಯಿಗೆ ತಾಯಿಯ ಹಾಲಿನ ಹೊರತು ಒಂದು ಹನಿಯೂ ಬೇಡ. ಈ ಮಾತನ್ನು ಗುರುಗಳಲ್ಲಿ ಅರಿಕೆ ಮಾಡಿಕೊಂಡರೆ ಬೇಡವೆನ್ನುವವರನ್ನು ನಾವು ಕಂಡಿಲ್ಲ.

ಇವನ್ನೆಲ್ಲ ಇಷ್ಟು ಖಂಡಿತವಾಗಿ ಹೇಳುವುದಕ್ಕೆ ನಮಗೆ ಒಂದು ಕಾರಣವಿದೆ. ವೃತ್ತಿಯನ್ನು ಆರಂಭಿಸಿದ ಮೊದಲ ವರ್ಷಗಳಲ್ಲಿ ಒಂದು ಅವಳಿ ಜೋಡಿಯನ್ನು ನಮಗೆ ತೋರಿಸಿದರು. ಎರಡೂ ಗಂಡು. ಕಿರಿಯದು ಹಾಲು ಕುಡಿಯುತ್ತಿಲ್ಲವೆಂದರು. ನಮ್ಮಲ್ಲಿ ಆಗ ಕೂಸು ತೂಗುವ ತಕ್ಕಡಿಯೂ ಇರಲಿಲ್ಲ, ಪಾದ ಮುಟ್ಟಿ ನೋಡುವ ಬುದ್ಧಿಯೂ ಇರಲಿಲ್ಲ. ಅಗ್ನಿಮಾಂದ್ಯವೆಂದು ತಿಳಿದು ಬಜೆಯನ್ನು ತೇಯ್ದು ನೆಕ್ಕಿಸಲು ಹೇಳಿ ಕಳಿಸಿದೆವು. ಮೂರನೆಯ ದಿನ ಕೂಸಿನ ಅಜ್ಜ ಒಬ್ಬನೇ ಬಂದು, ಬಜೆಯ ಕೊಂಬನ್ನು ಮೇಜಿನ ಮೇಲಿಟ್ಟು, ಏನೂ ಹೇಳದೆ ಹೋದ. ಆಸ್ಪತ್ರೆಗೆ ಕಳಿಸಿದ್ದರೆ ಆ ಕೂಸು ಉಳಿಯುತ್ತಿತ್ತೆಂದು ಹೇಳಲಾರೆವು. ಕಳಿಸಲಿಲ್ಲ ಎಂಬುದು ಮಾತ್ರ ಉಳಿದಿದೆ.

ಆದ್ದರಿಂದ ಈ ಸಲ ತಡಮಾಡಲಿಲ್ಲ. ಸೊಂಟನೋವಿನ ಔಷಧವನ್ನು ಬದಿಗಿಟ್ಟು, ಹೆಣ್ಣುಕೂಸನ್ನು ಅಲ್ಲಿಯೇ ತಾಯಿಯ ಎದೆಗೆ ಕಟ್ಟಿಸಿ, ಹಾಲು ಹಿಂಡಿಸಿ ಒಳಲೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿ, 108ಕ್ಕೆ ಫೋನ್ ಮಾಡಿದೆವು. ಅಜ್ಜಿ ‘ದೊಡ್ಡ ದವಾಖಾನಿ ಖರ್ಚು ಯಾರು ಹಾಕ್ತಾರ್ರಿ?’ ಎಂದಳು. ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಒಂದು ವರ್ಷದೊಳಗಿನ ಕೂಸಿನ ಚಿಕಿತ್ಸೆ, ಔಷಧ, ಹೋಗಿಬರುವ ವಾಹನ ಎಲ್ಲವೂ ಉಚಿತವೆಂದು ಅವಳಿಗೆ ತಿಳಿದಿರಲಿಲ್ಲ. ಕೂಸಿನ ರಕ್ತದ ಸಕ್ಕರೆ ಕುಸಿದಿತ್ತು, ಸೋಂಕೂ ಆರಂಭವಾಗಿತ್ತು. ಹತ್ತು ದಿನ ಇಟ್ಟುಕೊಂಡು 1,780 ಗ್ರಾಂ ಆದ ಮೇಲೆ ಕಳಿಸಿದರು.

ಹಾಲು ಬಿಡುವುದು, ಪಾದ ತಣ್ಣಗಾಗುವುದು, ನಿಮಿಷಕ್ಕೆ ಅರವತ್ತಕ್ಕೆ ಮುಟ್ಟಿದ ಉಸಿರು, ಉಸಿರೆಳೆದಾಗ ಪಕ್ಕೆ ಒಳಸೇರುವುದು, ಅಂಗೈ-ಅಂಗಾಲಿನವರೆಗೆ ಇಳಿದ ಹಳದಿ, ಸೆಳೆತ, ಜ್ವರ, ಎಬ್ಬಿಸಿದರೂ ಏಳದ ನಿದ್ರೆ: ಇವುಗಳಲ್ಲಿ ಒಂದೇ ಕಂಡರೂ ನಮ್ಮಂಥವರ ಚಿಕಿತ್ಸಾಲಯಕ್ಕೆ ಬರದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಯಾವ ಕೂಸಾದರೂ ಮೊದಲ ದಿನಗಳಲ್ಲಿ ನೂರಕ್ಕೆ ಏಳರಿಂದ ಹತ್ತರಷ್ಟು ತೂಕ ಇಳಿಯುತ್ತದೆ. ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ಮರಳುತ್ತಿದೆಯೇ ಎಂದು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರುತ್ತಾಳೆ. ಬಂದಾಗ ಎರಡು ಕೂಸುಗಳನ್ನೂ ಬೇರೆ ಬೇರೆಯಾಗಿ ತೂಗಿಸಿ, ಬೇರೆ ಬೇರೆಯಾಗಿ ಬರೆಯಿಸಿಕೊಳ್ಳಬೇಕು. ಒಂದನ್ನು ತೂಗಿ ‘ಇನ್ನೊಂದೂ ಹಂಗ ಐತಿ’ ಎಂದು ಬರೆಸಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಬಹಳ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಕಣ್ಣಿನದು. 2 ಕಿಲೋಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕೆ ಮುನ್ನ ಹುಟ್ಟಿದ ಕೂಸಿನ ಅಕ್ಷಿಪಟಲದ ರಕ್ತನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದು ಶಾಶ್ವತ ಕುರುಡು ಬರಬಹುದು. ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಹುಟ್ಟಿದ 30 ದಿನಗಳೊಳಗೆ ತಜ್ಞರು ಪರೀಕ್ಷಿಸಿದರೆ ಲೇಸರ್ ಚಿಕಿತ್ಸೆಯಿಂದ ದೃಷ್ಟಿಯನ್ನು ಉಳಿಸಬಹುದು. ತಡವಾದರೆ ಏನೂ ಮಾಡಲಾಗದು. ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಿಂದ ಈ ಪರೀಕ್ಷೆ ಜಿಲ್ಲಾ ಕೇಂದ್ರಗಳವರೆಗೆ ಬಂದಿದೆ. ಆಸ್ಪತ್ರೆಯಿಂದ ಬಿಡುವಾಗ ‘ಕಣ್ಣಿನ ಪರೀಕ್ಷೆ ಯಾವಾಗ?’ ಎಂದು ಕೇಳಿಯೇ ಹೊರಡಬೇಕು. ಲಸಿಕೆಗಳನ್ನು ಹುಟ್ಟಿದ ದಿನದಿಂದಲೇ ಎಣಿಸಬೇಕು. ಕತ್ತು ನಿಲ್ಲುವುದು, ಕೂರುವುದು ಇವುಗಳನ್ನು ಮಾತ್ರ ಹುಟ್ಟಬೇಕಾಗಿದ್ದ ದಿನದಿಂದ ಎಣಿಸಬೇಕು.

ಕಿರಿಯದು ಹಿರಿಯದನ್ನು ಬೇಗ ಸರಿಗಟ್ಟಲೆಂದು ಮುಂದೆ ತುರುಕಿ ತಿನ್ನಿಸುವುದೂ ಬೇಡ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಜೋಪಾನವಾಗಿಟ್ಟ ಜನನ ದಾಖಲೆಗಳನ್ನು ಹಿಡಿದು, ಅಲ್ಲಿ ಹುಟ್ಟಿದವರನ್ನು ವಯಸ್ಸಾದ ಮೇಲೆ ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡಿತು. 1996ರಲ್ಲಿ ಅದು ಪ್ರಕಟವಾಯಿತು. ಅವಳಿಗಳು ಸಣ್ಣಗಾಗುವ ಕಾರಣವೇ ಬೇರೆಯಾದ್ದರಿಂದ ಅದನ್ನು ಇವರಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಮೊದಲ ಆರು ತಿಂಗಳು ಎದೆಹಾಲು, ಅನಂತರ ಮನೆಯ ಅನ್ನ-ಬೇಳೆ, ಅದರದೇ ಹಸಿವಿಗೆ ತಕ್ಕಷ್ಟು ಎಂಬ ಕ್ರಮವೇ ಒಳ್ಳೆಯದು.

ಮೂರೂವರೆ ತಿಂಗಳಾದಾಗ ಆ ಅಜ್ಜಿ ಮಗಳು-ಮೊಮ್ಮಕ್ಕಳೊಡನೆ ಮತ್ತೆ ಬಂದಿದ್ದಳು. ಗಂಡು 5,100 ಗ್ರಾಂ, ಹೆಣ್ಣು 4,200. ಅಂತರ ಶೇಕಡಾ 29ರಿಂದ 18ಕ್ಕೆ ಇಳಿದಿತ್ತು. ಕಣ್ಣಿನ ಪರೀಕ್ಷೆಯನ್ನು ಎರಡು ಸಲ ಮಾಡಿಸಿದ್ದರು, ದೋಷವಿಲ್ಲವೆಂದು ಬರೆದಿತ್ತು. ಈ ಸಲ ಹೆಣ್ಣುಕೂಸು ಅಜ್ಜಿಯ ತೊಡೆಯ ಮೇಲಿತ್ತು. ನಾವು ಪಾದ ಮುಟ್ಟಿದ್ದಕ್ಕೆ ಸಿಟ್ಟಾಗಿ ದೊಡ್ಡ ಧ್ವನಿಯಲ್ಲಿ ಅತ್ತಿತು. “ಇದರ ಗಂಟಲಾ ಅದಕ್ಕಿಂತ ಜೋರು ಆಗೈತಿ ನೋಡ್ರಿ ಸಾಹೇಬ್ರ,” ಎಂದಳು ಅಜ್ಜಿ. “ಇನ್ನ ಗಂಜಿ ಚಾಲೂ ಮಾಡೂನೇನ್ರಿ?”

ಆರು ತಿಂಗಳು ತುಂಬಲಿ ಯವ್ವಾ ಎಂದು ಹೇಳಿ, ಬಾಣಂತಿಯ ಸೊಂಟನೋವನ್ನು ವಿಚಾರಿಸಿದೆವು.